ಚರಿಗೆಯ ಮೇಲಿನ ಹೆಸರು

ಟಕ್ಕಂತ ಸಡಿಲಾಯಿತು ಎರಡನೇ ಸ್ಕ್ರೂ, ಇನ್ನೊಂದಿದೆ, ಅದು ಬಿಟ್ಟರೆ ಲೆನ್ಸಿನ ರಿಂಗು ಕೈಗೆ ಬರುತ್ತದೆ, ಲೇತ್ ಮಷಿನ್ನಿನ ಎಣ್ಣೆ ವಾಸನೆಯ ನಡುವೆ ಪಕ್ಕದಂಗಡಿಯ ಮಿರ್ಚಿಯ ಘಾಟು — ಮಂಜೂರ ತಲೆ ಎತ್ತಲಿಲ್ಲ, ಎತ್ತಿದರೆ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತ ಫೋಟೋಗ್ರಾಫರ್ ಗೋವಿಂದರಾಜನ ಮುಖ ನೋಡಬೇಕಾಗುತ್ತದೆ, ವರ್ಷದ ಮೇಲೆ ಇವತ್ತು ಅಂಗಡಿ ಮೆಟ್ಟಿಲು ಹತ್ತಿದ್ದಾನೆ ಪುಣ್ಯಾತ್ಮ, ಬಂದವನು ಒಂದೇ ಮಾತು ಹೇಳಿ ಕೂತ, ಲೆನ್ಸ್ ಮಾರಾಕ ಹತ್ತೀನ್ರಿ ಭಾಯ್, ಕುಷ್ಟಗಿಯವರೊಬ್ಬರು ತಗೊಳ್ತಾರ, ಅವರ ಕ್ಯಾಮೆರಾ ಬ್ಯಾರೆ ಐತಿ, ಹಿಂದಿನ ರಿಂಗ್ ಬದಲ ಮಾಡಿ ಕೊಡ್ರಿ. ಮಾರಲಿ. ಕಣ್ಣು ಕಾಣದವನಿಗೆ ಲೆನ್ಸ್ ಯಾಕೆ. ಎಂಥ ಲೆನ್ಸು, ರೀಲಿನ ಕಾಲದ್ದು, ಗೇಣುದ್ದ, ದೂರದ್ದನ್ನು ಹತ್ತಿರ ಎಳೆದು ತೋರಿಸುವಂಥದ್ದು, ಗಂಗಾವತಿಯಲ್ಲಿ ಮುಚ್ಚಿಹೋದ ಸ್ಟುಡಿಯೋದಿಂದ ತಂದಿದ್ದ, ಈಗಿನ ಡಿಜಿಟಲ್ ಕ್ಯಾಮೆರಾಕ್ಕೆ ಕೂರುತ್ತಿರಲಿಲ್ಲ, ಕೂರಿಸಿದ್ದು ಪಂಪ್‌ಸೆಟ್ ಮೋಟಾರು ಬಿಚ್ಚಿ ಕಟ್ಟುವ ಇದೇ ಕೈ, ಅಲ್ಯುಮಿನಿಯಂ ಕಡೆದು ರಿಂಗು, ಪೈಪಿನ ತುಂಡಿಗೆ ಒಳಗೆ ಕಪ್ಪು ಮಖಮಲ್ಲು ಅಂಟಿಸಿ ಬಿಸಿಲಿಗೆ ಮರೆ, ಉಪ್ಪಿನಕಾಯಿ ಬಾಟಲಿಯದು ಮುಚ್ಚಳ, ನೋಡ್ರಿ ನಮ್ಮ ಭಾಯ್ ಮಾಡ್ಯಾರ ಅಂತ ಭಾಗ್ಯನಗರವೆಲ್ಲ ತೋರಿಸಿಕೊಂಡು ತಿರುಗಿದವನು ಇವನೇ, ಹೊಗಳುವಾಗ ಭಾಯ್ ಮಾಡಿದ್ದು, ಕೆಟ್ಟಾಗ ಭಾಯ್ ಕೆಡಿಸಿದ್ದು.

ಮೂರನೇ ಸ್ಕ್ರೂ ಕಚ್ಚಿಕೊಂಡಿದೆ, ಒಂದು ಹನಿ ಎಣ್ಣೆ, ತಾಳು — ತಮ್ಮ ಜಾವೇದನ ಮದುವೆ, ಹಿಟ್ನಾಳದಲ್ಲಿ ಪೆಂಡಾಲು, ಅಮ್ಮಿ. ಕ್ಯಾಮೆರಾ ಕಂಡರೆ ಸೆರಗು ಬಾಯಿಗೆ, ಮುಂದಿನ ಹಲ್ಲು ಹೋದಾಗಿನಿಂದ ಹಾಗೇ, ಆಧಾರ್ ಕಾರ್ಡಿನಲ್ಲೂ ತುಟಿ ಬಿಗಿದು ಯಾರ ಮೇಲೋ ಸಿಟ್ಟಾದಂತಿದ್ದಾಳೆ, ಆ ದಿನ ಮಾತ್ರ ಪೆಂಡಾಲಿನ ಆ ತುದಿಯಲ್ಲಿ, ಹೆಂಗಸರ ನಡುವೆ, ಸೆರಗು ಜಾರಿದ್ದರ ಪರಿವೆಯಿಲ್ಲದೆ ಬಾಯಿ ತುಂಬ ನಗುತ್ತಾಳೆ, ಮಂಜೂರನೇ ಗೋವಿಂದರಾಜನ ತೋಳು ಹಿಡಿದ, ಅಮ್ಮಿ ನಗಾಕ ಹತ್ಯಾಳ, ಹೊಡಿ, ಲಗೂನ ಹೊಡಿ. ಹೊಡೆದ. ನಾಲ್ಕು ತಿಂಗಳಿಗೆ ಅಮ್ಮಿ ಹೋದಳು, ಮಣ್ಣು ಕೊಟ್ಟು ಬಂದು ಆ ಫೋಟೋ ಹುಡುಕಿದರೆ ಅದರಲ್ಲಿ ನೀರಿನ ಮೇಜು, ಮೇಜಿನ ಮೇಲೆ ಮನೆಯಿಂದ ಒಯ್ದಿದ್ದ ಸ್ಟೀಲಿನ ಚರಿಗೆ, ಚರಿಗೆಯ ಹೊಟ್ಟೆಯ ಮೇಲೆ ಪಾತ್ರೆ ಅಂಗಡಿಯವನು ಚುಕ್ಕಿ ಚುಕ್ಕಿಯಾಗಿ ಕೊರೆದ ಅಮ್ಮಿಯ ಹೆಸರು, ಅಕ್ಷರ ಅಕ್ಷರ ಓದಬಹುದು, ಕಾಸೀಮಬೀ. ಅದರ ಹಿಂದೆ, ದೂರದಲ್ಲಿ, ಮುಖವಿರಬೇಕಾದಲ್ಲಿ ಹಿಟ್ಟು ಚೆಲ್ಲಿದ ಹಾಗೆ ಒಂದಿಷ್ಟು ಬಿಳಿ. ಚರಿಗೆಗೆ ಹಲ್ಲಿಲ್ಲ, ನಗೆಯಿಲ್ಲ, ಅದು ಚೆಂದ ಬಂದಿದೆ. ಫೋಕಸ್ ಕಡೀತನಕ ತಿರುವೀನ್ರಿ ಭಾಯ್, ದೂರಿಂದು ಹಿಡೀಲಿಲ್ಲ, ರಿಂಗ್ ಒಮ್ಮೆ ನೋಡ್ರಿ ಅಂದಿದ್ದ ಗೋವಿಂದರಾಜ, ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಮಂಜೂರನಿಗೆ ನೆತ್ತಿ ಉರಿದುಹೋಗಿತ್ತು, ಕಣ್ಣ ಹೋಗ್ಯಾವ ನಿನಗ, ಮಂದಿ ಮದುವಿ ಯಾಕ ಕೆಡಸ್ತಿ, ಕ್ಯಾಮೆರಾ ಕೆಳಗ ಇಡು. ಹತ್ತು ಜನ ಕೇಳಿಸಿಕೊಂಡರು, ಹತ್ತು ನೂರಾಯಿತು, ಯಲಬುರ್ಗಾ ಮುಟ್ಟಿತು, ಆ ವರ್ಷ ಅವನನ್ನು ಮದುವೆ ಫೋಟೋಕ್ಕೆ ಯಾರೂ ಕರೆಯಲಿಲ್ಲವಂತೆ, ಕೇಳಿ ಮಂಜೂರನಿಗೆ ಅವತ್ತಿನ ಊಟ ರುಚಿಸಿತ್ತು, ಸುಳ್ಳೇಕೆ ಹೇಳಬೇಕು. ರಿಂಗ್ ನೋಡಬೇಕಂತೆ. ತಾನೇನು ನೋಡದೆ ಕೊಟ್ಟಿದ್ದನೇ, ಇದೇ ಅಂಗಡಿಯಲ್ಲಿ, ಈ ಗೋಡೆಯಿಂದ ಆ ಗೋಡೆಯ ಕ್ಯಾಲೆಂಡರು, ತಾರೀಖಿನ ಕೆಳಗಿನ ಸಣ್ಣಕ್ಷರ ಕೂಡ ಸ್ವಚ್ಛ ಕಂಡಿತ್ತು —

ಬಿಟ್ಟಿತು. ರಿಂಗು ಬಂತು, ಅದರ ಹಿಂದಿನಿಂದ ಇನ್ನೇನೋ ಉರುಳಿ ಮೇಜಿನ ಮೇಲೆ ಗಿರಗಿರ ಸುತ್ತಿ ಮಲಗಿತು, ಹಿತ್ತಾಳೆ ವಾಷರ್, ಎರಡು ಮಿಲಿಮೀಟರ್ ದಪ್ಪ, ಪಂಪಿಗೆ ಹಾಕುವಂಥದ್ದು, ಇದು ಇಲ್ಲಿ ಹೇಗೆ — ಹೇಗೆ ಅಂದರೆ, ಅವತ್ತು ರಿಂಗು ಕೂಡಿಸಿದಾಗ ಒಂಚೂರು ಅಲ್ಲಾಡುತ್ತಿತ್ತು, ಅಲ್ಲಾಡಿದಲ್ಲಿ ವಾಷರ್ ಹಾಕು, ಮೂವತ್ತು ವರ್ಷದ ಕೈ, ತಲೆಯನ್ನು ಕೇಳಲಿಲ್ಲ, ಹಾಕಿತು, ಬಿಗಿಯಿತು, ಮರೆಯಿತು. ಪಂಪಾದರೆ ಸೋರುವುದು ನಿಂತಿತು, ಮುಗಿಯಿತು. ಲೆನ್ಸು ಎರಡು ಮಿಲಿಮೀಟರ್ ಮುಂದೆ ಸರಿದರೆ ಹತ್ತಿರದ್ದು ಮಾತ್ರ ಸಿಗುತ್ತದೆ, ಮೂವತ್ತಡಿಯ ಆಚೆಗಿನದು ಜಪ್ಪಯ್ಯ ಅಂದರೂ ಸಿಗುವುದಿಲ್ಲ, ಹದಿನೈದು ಅಡಿಯ ಅಂಗಡಿಯಲ್ಲಿ ಆಚೆ ಅನ್ನುವುದೇ ಇಲ್ಲ, ಬಾಗಿಲಿಗೆ ಬಂದು ರಸ್ತೆಯ ಕಡೆ ಹಿಡಿದಿದ್ದರೆ, ಎರಡು ಹೆಜ್ಜೆ, ಎರಡೇ ಹೆಜ್ಜೆ. ಏನರ ಸಿಕ್ತೇನ್ರಿ ಭಾಯ್, ಅನ್ನುತ್ತಾನೆ ಗೋವಿಂದರಾಜ, ದನಿಯಲ್ಲಿ ಸಿಟ್ಟಿಲ್ಲ, ಇದ್ದಿದ್ದರೆ ಎಷ್ಟು ಛಲೋ ಇತ್ತು, ಅಂಗೈ ತಾನಾಗಿ ವಾಷರಿನ ಮೇಲೆ ಮುಚ್ಚಿಕೊಂಡಿತು. ಏನಿಲ್ಲ, ಅಂದಿತು ಬಾಯಿ. ಹೇಳಬೇಕು, ಈಗಲೇ, ಅದೇ ಚಹಾದಂಗಡಿಗೆ ಕರೆದುಕೊಂಡು ಹೋಗಿ, ಅದೇ ಹತ್ತು ಜನರ ಎದುರು, ಇವನ ಕಣ್ಣು ಛಲೋ ಅದಾವ, ನನ್ನ ಕೈ — ಮುಷ್ಟಿಯಲ್ಲಿ ಹಿತ್ತಾಳೆ ಬಿಸಿಯಾಗುತ್ತಿದೆ, ಹೇಳಬೇಕು, ಅಮ್ಮಿ ನಗುತ್ತಿದ್ದಳು, ಹೊಡಿ ಅಂದದ್ದು ತಾನೇ, ಹೇಳಬೇಕು — ಚರಿಗೆ, ಫೋಟೋದೊಳಗಿನ ಮೇಜಿನ ಮೇಲಿನ ಚರಿಗೆ, ಅದರ ಹೊಟ್ಟೆಯ ಮೇಲೆ ಚುಕ್ಕಿ ಚುಕ್ಕಿ, ಕಾ, ಸೀ, ಮ, ಬೀ, ಹಿಂದೆ ಯಾರೂ ಇಲ್ಲ.