ಉಡಿಯಲ್ಲಿ ಹೋದ ಬೀಜ

ಬಳ್ಳಿಗಳಿಗೂ ಬೀಗರಿದ್ದ ಕಾಲವೊಂದಿತ್ತಂತೆ. ಆಗ ಒಂದು ಹಿತ್ತಲಲ್ಲಿ ಸೋರೆಬಳ್ಳಿ ಒಬ್ಬಳು, ಹಾಲಿನಂಥ ಮೈಯವಳು. ಬೇಲಿಯಾಚೆ ಕಾಡುಸೋರೆ ಒಬ್ಬ, ಹೊಟ್ಟೆ ತುಂಬ ವಿಷದವನು. ಸಂಜೆ ಹಾರುವ ಹುಳವೊಂದು ನಡುವೆ ಓಡಾಡಿ ಇಬ್ಬರಿಗೂ ಸಂಬಂಧ ಕೂಡಿಸಿತು. ಹುಟ್ಟಿದ ಮಗಳು ಥೇಟ್ ತಾಯಿಯ ಹಾಗೆ, ಅದೇ ಬಣ್ಣ, ಅದೇ ನುಣುಪು. ಅವಳೊಳಗೆ ತಂದೆ ಎಲ್ಲಿ ಅಡಗಿದ್ದನೆಂಬುದು ಕೊಯ್ದು ನಾಲಗೆಗಿಟ್ಟವರಿಗಷ್ಟೇ ತಿಳಿಯಿತು.

ಅಜ್ಜಿ ಗದಿಗೆವ್ವ ಹೇಳುತ್ತಿದ್ದ ಈ ಕಥೆ ನೇತ್ರಾಳಿಗೆ ನೆನಪಾದದ್ದು ಬಾಯಲ್ಲಿ ತುತ್ತಿದ್ದಾಗ. ಎದ್ದು ಬಚ್ಚಲಿಗೆ ಓಡಿ ಉಗುಳಿದಳು. ಬೇವಿನ ಕಹಿಯಲ್ಲ ಅದು, ನಾಲಗೆಯ ಬುಡವನ್ನೇ ಹಿಡಿದೆಳೆಯುವ ಕಹಿ. ಹಿತ್ತಲಿನ ಬಳ್ಳಿ ಈ ವರ್ಷ ಬಿಟ್ಟ ಮೊದಲ ಸೋರೆಕಾಯಿಯ ಪಲ್ಯ. ಅಜ್ಜಿ ಅದೇ ಪಲ್ಯದಲ್ಲಿ ಎರಡು ರೊಟ್ಟಿ ಉಂಡು, ಗಂಗಾಳ ಬಳಿದು, ಕಟ್ಟೆಯ ಮೇಲೆ ಅಡಿಕೆ ಕತ್ತರಿಸುತ್ತ ಕೂತಿದ್ದಳು.

ಬೆಟಗೇರಿಯ ಆ ನೇಕಾರರ ಓಣಿಯಲ್ಲಿ ಒಂದು ಕಾಲಕ್ಕೆ ಬೀಜಕ್ಕೆಂದು ಕಾಯಿ ಬಿಡಬೇಕಾದರೆ ಗದಿಗೆವ್ವನನ್ನೇ ಕರೆಯುತ್ತಿದ್ದರು. ಅವಳು ಬಳ್ಳಿಯ ಎಳೆಗಾಯೊಂದನ್ನು ಕೊಯ್ದು, ತೊಟ್ಟಿನ ಕಡೆಯ ಚೂರನ್ನು ನಾಲಗೆಯ ಮೇಲಿಟ್ಟು ಕಣ್ಣು ಮುಚ್ಚುವಳು. ಸಿಹಿ ಎಂದರೆ ಅದೇ ಬಳ್ಳಿಯ ಇನ್ನೊಂದು ಕಾಯಿಗೆ ಮಗ್ಗದ ಕೆಂಪು ನೂಲು ಕಟ್ಟುವಳು. ಆಮೇಲೆ ಅದು ಒಣಗಿ ಗಲಗಲ ಎನ್ನುವ ತನಕ ಯಾರೂ ಮುಟ್ಟುವಂತಿರಲಿಲ್ಲ. ಈಗ ಓಣಿಯವರೆಲ್ಲ ಪಾಕೀಟಿನ ಬೀಜ ತರುತ್ತಾರೆ. ನೂಲು ಕಟ್ಟುವವಳು ಅಜ್ಜಿಯೊಬ್ಬಳೇ. ಹೋದ ವರ್ಷ ಬೇಲಿಯ ಬದಿಗೆ ತಾನಾಗಿ ಹುಟ್ಟಿದ ಬಳ್ಳಿ ಬಿಟ್ಟದ್ದೇ ಎರಡು ಕಾಯಿ. ಒಂದರ ರುಚಿ ತಾನೊಬ್ಬಳೇ ನೋಡಿದಳು, ಇನ್ನೊಂದಕ್ಕೆ ನೂಲು ಕಟ್ಟಿದಳು. ಅದರ ಅರ್ಧ ಬೀಜ ಹಿತ್ತಲಿಗೆ ಬಿತ್ತು. ಉಳಿದರ್ಧ ಬೇಸಗೆಯ ಮದುವೆಯಲ್ಲಿ, ಅಕ್ಕಿ, ಕೊಬ್ಬರಿ, ಬೆಲ್ಲದ ಜೊತೆ ನೇತ್ರಾಳ ಅಕ್ಕ ಸಪ್ನಾಳ ಉಡಿ ಸೇರಿ ಸೊರಟೂರಿಗೆ ಹೋಯಿತು. ಸಪ್ನಾ ಈಗ ನಾಲ್ಕು ತಿಂಗಳ ಬಸುರಿ. ಬಯಕೆ ಏನೆಂದು ಕೇಳಿದರೆ ತವರಿನ ಸೋರೆಕಾಯಿ ಎನ್ನುತ್ತಿದ್ದಳು.

ಎರಡು ತಾಸಿನಲ್ಲಿ ಅಜ್ಜಿಗೆ ವಾಂತಿ ಹತ್ತಿತು. ಮೂರನೆಯ ಸಲ ರಕ್ತ ಕಂಡಿತು. ಗದಗಿನ ದವಾಖಾನೆಯಲ್ಲಿ ಸಲಾಯಿನ್ ಹಚ್ಚಿದ ಡಾಕ್ಟರು, ಇದನ್ನು ಮತ್ತೆ ಯಾರು ಯಾರು ತಿಂದಿದ್ದೀರಿ ಎಂದು ಎರಡೆರಡು ಸಲ ಕೇಳಿದರು. ನೇತ್ರಾ ಸಪ್ನಾಳಿಗೆ ಆರು ಸಲ ಫೋನ್ ಮಾಡಿದಳು. ರಿಂಗಾಯಿತೇ ಹೊರತು ಯಾರೂ ಎತ್ತಲಿಲ್ಲ.

ಅಜ್ಜಿ ಅವಳ ಮುಂಗೈ ಹಿಡಿದಳು. "ಎರಡು ವರ್ಷದ ಹಿಂದ ಜ್ವರ ಬಂದಿತ್ತಲ್ಲ, ಆವಾಗಿಂದ ನನಗ ಉಪ್ಪೂ ಒಂದ, ಬೂದಿನೂ ಒಂದ."

"ನನಗರ ಯಾಕ ಹೇಳಲಿಲ್ಲಜ್ಜಿ?"

"ಹೇಳಿದ್ರ ನನ್ನ ಬೀಜ ಯಾರು ತಗೋತಿದ್ರು?"

ಹಿಡಿದ ಮುಂಗೈ ಬಿಡದೆ, ಸೊರಟೂರಿನಲ್ಲಿ ಕಾಯಿ ಬಿಸಾಡಿದರೆ ಸಾಲದು, ಬಳ್ಳಿಯನ್ನು ಬೇರುಸಹಿತ ಕೀಳಬೇಕು, ಇವತ್ತೇ ಕೀಳಬೇಕು ಎಂದು ಮಾತು ತೆಗೆದುಕೊಂಡಳು. ಅಪ್ಪನನ್ನು ಮಂಚದ ಹತ್ತಿರ ಕೂರಿಸಿ ನೇತ್ರಾ ಸೊರಟೂರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಯಾವ ಮನೆಯ ಚಾವಣಿಯ ಮೇಲೆ ಬಳ್ಳಿ ಕಂಡರೂ ಅದು ಮನೆಯನ್ನು ಅಪ್ಪಿದೆಯೋ ಅದುಮಿದೆಯೋ ತಿಳಿಯದೆ ನೋಡಿದಳು.

ಇಳಿಹೊತ್ತಿಗೆ ಮುಟ್ಟಿದಾಗ ಅಕ್ಕನ ಅತ್ತೆ ಶಂಕ್ರೆವ್ವ ಅಂಗಳದಲ್ಲಿ ಈಳಿಗೆಯ ಮುಂದೆ ಕೂತಿದ್ದಳು. ಬುಟ್ಟಿಯಲ್ಲಿ ಬೆಳ್ಳಗೆ ಹೆಚ್ಚಿದ ಹೋಳು. ಸಪ್ನಾ ಕರಿಬೇವು ಬಿಡಿಸುತ್ತಿದ್ದಳು. ಫೋನು ಒಳಗೆ ಚಾರ್ಜಿಗಿತ್ತು.

"ಬಾರವ್ವ. ಒಗ್ಗರಣಿ ಇನ್ನೂ ಹಾಕಿಲ್ಲ, ಬೆಟಗೇರಿ ತನಕ ವಾಸನಿ ಬಂತೇನು?" ಎಂದು ಶಂಕ್ರೆವ್ವ ನಕ್ಕಳು.

ನೇತ್ರಾ ನಿಂತಲ್ಲೇ ಒಂದು ಹೋಳು ಕಚ್ಚಿ ಉಗುಳಿದಳು. ನಡೆದದ್ದನ್ನೆಲ್ಲ ಹೇಳಿದಳು, ಅಜ್ಜಿಯ ನಾಲಗೆಯದನ್ನೂ ಸೇರಿಸಿ. ಶಂಕ್ರೆವ್ವ ತಾನೂ ಚೂರು ನಾಲಗೆಗೆ ಮುಟ್ಟಿಸಿದಳು. ಮುಖ ಕಿವುಚಿತು. ಎದ್ದು ಬುಟ್ಟಿಯನ್ನು ತಿಪ್ಪೆಗೆ ಬೋರಲು ಹಾಕಿ, ಎಮ್ಮೆ ಮೂಸದಂತೆ ಬೂದಿ ಮುಚ್ಚಿ ಬಂದಳು. ಆದರೆ ನೇತ್ರಾ ಹಿತ್ತಲಿಗೆ ನಡೆದಾಗ ಬಳ್ಳಿಗೆ ಅಡ್ಡ ನಿಂತಳು.

"ತಿನ್ನೂದು ಬಿಟ್ವಿ, ಆತು. ಕಾಯಿ ಹೊತ್ತ ಬಳ್ಳಿ, ಅದೂ ಉಡ್ಯಾಗ ಬಂದದ್ದು. ಬಸುರಿ ಇದ್ದ ಮನ್ಯಾಗ ಕೀಳಬಾರದು."

"ಅತ್ತಿ, ಅಜ್ಜಿಗೆ ಮಾತು ಕೊಟ್ಟು ಬಂದೀನ್ರಿ."

"ನಾ ಒಮ್ಮೆ ಕಿತ್ತಿದ್ದೆ. ಕುಂಬಳಬಳ್ಳಿ. ಶ್ರೀಧರನ ಹಿರೇದು ಉಳೀಲಿಲ್ಲ."

ಶ್ರೀಧರನೆಂದರೆ ಸಪ್ನಾಳ ಗಂಡ. ಅವನಿಗೊಬ್ಬ ಅಣ್ಣನೋ ಅಕ್ಕನೋ ಹುಟ್ಟಬೇಕಿತ್ತು ಎಂಬುದು ಆ ಮನೆಯಲ್ಲಿ ಇವತ್ತಿನ ತನಕ ಯಾರ ಬಾಯಿಗೂ ಬಂದಿರಲಿಲ್ಲ. ಪಕ್ಕದ ಹಿತ್ತಲಿನಲ್ಲೂ ಸೋರೆ ಹೂಬಿಟ್ಟಿತ್ತು, ಅದರಾಚೆಯದರಲ್ಲೂ. ಇದೊಂದನ್ನು ಹೀಗೇ ಉಳಿಸಿದರೆ, ಸಂಜೆಯ ಹುಳ ನಡುವೆ ಓಡಾಡಿ, ಮುಂದಿನ ವರ್ಷ ಯಾವ ಕಾಯಿಯೊಳಗೆ ಏನಿರುತ್ತದೋ ಹೇಳುವವರಾರು?

ಸಪ್ನಾ ಹಿಂಬಾಗಿಲಿಗೆ ಬಂದು ನಿಂತಿದ್ದಳು. ಅತ್ತೆಯ ಮುಖವನ್ನು ಬಹಳ ಹೊತ್ತು ನೋಡಿದಳು.

"ಉಡಿ ನಂದು, ಕೂಸೂ ನಂದು. ಕೀಳು, ನೇತ್ರಾ."

ಶಂಕ್ರೆವ್ವ ಬಳ್ಳಿಯ ಮುಂದಿನಿಂದ ಸರಿದಳು. ಸೊಸೆಯ ಹೆಗಲು ಬಳಸಿ, ನೋಡಬಾರದೆಂದು ಅವಳ ಕಣ್ಣಿಗೆ ಸೆರಗು ಮುಚ್ಚಿ, ಒಳಗೆ ಕರೆದೊಯ್ದು ಬಾಗಿಲು ಹಾಕಿಕೊಂಡಳು. ಚಿಲಕ ಬಿದ್ದ ಸಪ್ಪಳ ಕೇಳಿಸಿತು.

ನೇತ್ರಾ ಕುಕ್ಕರಗಾಲಲ್ಲಿ ಕೂತು ಬುಡವನ್ನು ಎರಡೂ ಕೈಯಲ್ಲಿ ಹಿಡಿದಳು. ಕಪ್ಪು ಮಣ್ಣು ಬಿಗಿಯಾಗಿತ್ತು. ಮೊದಲ ಸಲ ಬಳ್ಳಿ ಜಗ್ಗಲಿಲ್ಲ. ಎರಡನೆಯ ಸಲಕ್ಕೆ ಒಳಗೆಲ್ಲೋ ಹಳೆಯ ಸೀರೆ ಹರಿದಂಥ ಸದ್ದಾಗಿ, ಹಸಿ ವಾಸನೆಯ ಉದ್ದನೆಯ ಬೇರು ಕೈಗೆ ಬಂತು.

"ಆತೇನು?" ಬಾಗಿಲ ಹಿಂದಿನಿಂದ ಶಂಕ್ರೆವ್ವ ಕೇಳಿದಳು.

"ಆತ್ರಿ."

ಬಾಗಿಲು ತೆರೆಯಲಿಲ್ಲ. ಚಾವಣಿಯ ತಗಡಿನ ಮೇಲೆ ಹಬ್ಬಿದ್ದ ಎಲೆಗಳಿಗೆ ಇನ್ನೂ ಖಬರು ಮುಟ್ಟಿರಲಿಲ್ಲ. ಹೊತ್ತು ಮುಳುಗುತ್ತಿದ್ದಂತೆ ಅವುಗಳ ನಡುವಿನ ಮೊಗ್ಗುಗಳು ಒಂದೊಂದಾಗಿ ಬೆಳ್ಳಗೆ ಬಿರಿಯತೊಡಗಿದವು.