ಚುಕ್ಕಾಣಿ ಕೈ ಬದಲಾದದ್ದು

ನಮ್ಮ ಕಾಲುವೆಗಳಲ್ಲಿ ಯಾರೂ ಬರೆದಿಡದ ಒಂದು ಪದ್ಧತಿ ಇದೆ. ಗಂಡ ದೋಣಿಯ ಹಿಂಬದಿಯಲ್ಲಿ ಚುಕ್ಕಾಣಿ ಹಿಡಿದು ನಿಲ್ಲುತ್ತಾನೆ, ಹೆಂಡತಿ ದಡಕ್ಕೆ ಹಾರಿ ಲಾಕು ನೋಡಿಕೊಳ್ಳುತ್ತಾಳೆ. ಕಾಲುವೆ ಗುಡ್ಡ ಹತ್ತುವಲ್ಲೆಲ್ಲ ಲಾಕುಗಳು. ದೋಣಿಯನ್ನು ಕಲ್ಲಿನ ತೊಟ್ಟಿಯೊಳಗೆ ನುಗ್ಗಿಸಿ, ಬಾಗಿಲು ಮುಚ್ಚಿ, ನೀರು ತುಂಬಿಸಿ ಮೇಲಕ್ಕೆತ್ತಬೇಕು. ಆ ಭಾರದ ಬಾಗಿಲಿಗೆ ಬೆನ್ನು ಕೊಟ್ಟು ತಳ್ಳುವವಳು, ಕಬ್ಬಿಣದ ಹಿಡಿಕೆ ತಿರುಗಿಸಿ ತೂಬು ಎತ್ತುವವಳು ಹೆಂಡತಿ. ಗಂಡ ಮಾತ್ರ ಟೋಪಿ ಹಾಕಿಕೊಂಡು, ದಂಡೆಯ ಮೇಲೆ ನಾಯಿ ಅಡ್ಡಾಡಿಸುವವರ ಹತ್ತಿರ ಹವಾಮಾನದ ವಿಚಾರ ಮಾತಾಡುತ್ತಿರುತ್ತಾನೆ. ನನ್ನ ಗಂಡ ಕ್ಲಿಫರ್ಡ್ ಮದುವೆಯಾದಂದಿನಿಂದ ಈ ಕೆಲಸವನ್ನು ಭಾರಿ ಠೀವಿಯಿಂದ ಮಾಡಿಕೊಂಡು ಬಂದಿದ್ದ.

ಈ ವಸಂತದಲ್ಲಿ ನನ್ನ ಬಲ ಮಣಿಕಟ್ಟು ಕೈಕೊಟ್ಟಿತು. ಇನ್ನು ಹಿಡಿಕೆ ಮುಟ್ಟಲೇಬಾರದು ಎಂದರು ಡಾಕ್ಟರು.

"ಹಾಗಾದ್ರೆ ಮುಗೀತು ಗ್ಲೆನಿಸ್. ಟೀಸೆಲ್‌ನ ಮಾರಿಬಿಡೋಣ," ಎಂದ ಕ್ಲಿಫರ್ಡ್.

ಟೀಸೆಲ್ ನಮ್ಮ ದೋಣಿ. ನಮ್ಮ ಬೇಸಿಗೆಗಳೆಲ್ಲ ಕಳೆದದ್ದು ಅದರಲ್ಲೇ. ನಾನು ಒಲೆಯ ಕಡೆ ತಿರುಗಿ ಅತ್ತೆ, ಆಮೇಲೆ ಹೂಂ ಅಂದೆ. ಬೇರೆ ದಾರಿ ಇಬ್ಬರಿಗೂ ಹೊಳೆಯಲಿಲ್ಲ. ನಗಬೇಡಿ, ನಿಜವಾಗಿಯೂ ಹೊಳೆಯಲಿಲ್ಲ.

ಜುಲೈ ತಿಂಗಳ ಒಂದು ಶನಿವಾರ ಕೊಳ್ಳುವವರು ಬಂದರು. ಹ್ಯೂಗೋ, ಟ್ಯಾಮ್ಸಿನ್ ಎಂಬ ಹೊಸ ಜೋಡಿ. ಆಡ್ಲೆಮ್ ಊರಿನ ಲಾಕುಗಳ ಸಾಲು ಹತ್ತಿ ನೋಡಿ, ಹಿಡಿಸಿದರೆ ಮೇಲಿನ ಲಾಕಿನಲ್ಲೇ ಮಾತು ಮುಗಿಸುವುದು ಎಂದು ತೀರ್ಮಾನವಾಗಿತ್ತು. ಹಿತವಾದ ಬಿಸಿಲು ಹರಡಿತ್ತು. ದಂಡೆಯ ತುಂಬ ಹೂ, ನೀರಿನ ಮೇಲೆ ಬಾತುಮರಿಗಳು. ಮಾರುವ ದಿನವೇ ಇಷ್ಟು ಚೆಂದ ಇರಬೇಕಿತ್ತೇ ಎಂದು ನನಗೆ ಹೊಟ್ಟೆ ಉರಿಯಿತು.

ಕ್ಲಿಫರ್ಡ್ ಹ್ಯೂಗೋನನ್ನು ಚುಕ್ಕಾಣಿಯ ಹತ್ತಿರ ಕರೆದು, ತೂಬು ಎತ್ತುವ ಕಬ್ಬಿಣದ ಹಿಡಿಕೆಯನ್ನು ಟ್ಯಾಮ್ಸಿನ್ ಕೈಗಿಟ್ಟ.

"ನಾನ್ಯಾಕೆ ದಡಕ್ಕೆ?" ಎಂದು ಕೇಳಿದಳು ಹುಡುಗಿ. ಆಮೇಲೆ ನನ್ನ ಕಡೆ ತಿರುಗಿ, "ನಿಮಗೆ ಕೈ ನೋವಂತಲ್ಲ, ನೀವು ಚುಕ್ಕಾಣಿ ಹಿಡೀಬಹುದಲ್ವಾ?" ಎಂದಳು.

ಕ್ಲಿಫರ್ಡ್ ಹೊಟ್ಟೆ ಕುಣಿಸಿ ನಕ್ಕ. "ಇವಳಾ? ಇವಳು ದಡದವಳಮ್ಮ. ದೋಣೀನ ಗೋಡೆಗೆ ಗುದ್ದಿಬಿಡ್ತಾಳೆ."

ಅವನು ನಗದಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ. ಆ ನಗು ಕೇಳಿ ನನಗೆ ಮೈ ಉರಿದುಹೋಯಿತು.

"ಕೆಳಗಿಳಿ," ಅಂದೆ.

"ಏನಂದೆ?"

"ದೋಣಿಯಿಂದ ಇಳಿ ಮಾರಾಯ. ಆ ಹುಡುಗಿ ಕೈಯಿಂದ ಹಿಡಿಕೆ ಇಸ್ಕೊ. ನಿನ್ನ ಮಣಿಕಟ್ಟು ಗಟ್ಟಿಯಾಗೇ ಇದೆಯಲ್ಲ?"

ಹೊಸಬರ ಮುಂದೆ ಜಗಳ ಆಡುವುದು ಅವನಿಗಾಗದು. ಮುಖ ಗಂಟಿಕ್ಕಿಕೊಂಡು ಇಳಿದ. ನಾನು ಚುಕ್ಕಾಣಿ ಹಿಡಿದೆ.

ನಮ್ಮ ದೋಣಿಗಳ ಅಗಲ ಎರಡು ಮಂಚದಷ್ಟು, ಉದ್ದ ರೈಲಿನ ಬೋಗಿಯಷ್ಟು. ಲಾಕಿನ ಬಾಯಿಯಲ್ಲಿ ಆಚೆ ಈಚೆ ಅಂಗೈಯಷ್ಟು ಜಾಗ ಉಳಿದರೆ ಹೆಚ್ಚು. ಎಡಕ್ಕೆ ಹೋಗಬೇಕಾದರೆ ಚುಕ್ಕಾಣಿಯನ್ನು ಬಲಕ್ಕೆ ತಳ್ಳಬೇಕು. ಮೊದಲನೇ ಲಾಕಿನಲ್ಲಿ ದೋಣಿಯ ಮೂಗು ಕಲ್ಲಿಗೆ ತಾಗಿ, ಒಳಗಿನ ತಟ್ಟೆಗಳೆಲ್ಲ ಖಣಖಣ ಎಂದವು. ಕ್ಲಿಫರ್ಡ್ ಮೇಲಿಂದ "ನಾನು ಹೇಳ್ಲಿಲ್ವಾ!" ಎಂದ. ಎರಡನೆಯದರಲ್ಲಿ ಟೀಸೆಲ್ ಎಲ್ಲೂ ತಾಗದೆ ಒಳಗೆ ಜಾರಿತು. ನನಗೆ ಹಾಡಬೇಕೆನ್ನಿಸಿತು, ಹಾಡಿಯೂಬಿಟ್ಟೆ. ಇಷ್ಟು ವರ್ಷ ಈ ಸುಖವನ್ನೆಲ್ಲ ಇವನೊಬ್ಬನೇ ಉಂಡನಲ್ಲ!

ಮೂರನೇ ಲಾಕಿನ ಪಕ್ಕದಲ್ಲೇ ಪಬ್ಬು. ಶನಿವಾರವಾದ್ದರಿಂದ ಬಿಯರ್ ಗ್ಲಾಸು ಹಿಡಿದ ಜನ ದಂಡೆಯ ತುಂಬ ಕೂತಿದ್ದರು. ಕ್ಲಿಫರ್ಡ್ ನನ್ನ ಬೆನ್ನ ಹಿಂದೆ ಕೆಳಗಿನ ಬಾಗಿಲು ಮುಚ್ಚಿ, ಮುಂದಕ್ಕೆ ನಡೆದು, ಏದುಸಿರು ಬಿಡುತ್ತಾ ಮೇಲಿನ ತೂಬು ಎತ್ತಿದ. ನೀರು ಭೋರ್ಗರೆದು ಒಳಗೆ ಬಂತು. ಆದರೆ ದೋಣಿ ಏಳಲಿಲ್ಲ. ಅವನು ಇನ್ನೊಂದು ತೂಬನ್ನೂ ಎತ್ತಿದ. ಆಗಲೂ ಅಷ್ಟೇ, ನಾವು ಬಾವಿಯಂಥ ತೊಟ್ಟಿಯೊಳಗೆ ಕುಲುಕಾಡುತ್ತಾ ನಿಂತೆವು.

ನನಗೆ ಕೂಡಲೇ ಗೊತ್ತಾಯಿತು. ತೊಟ್ಟಿ ಖಾಲಿ ಮಾಡಲು ಎತ್ತಿದ್ದ ಕೆಳಗಿನ ಬಾಗಿಲಿನ ಎರಡು ತೂಬುಗಳಲ್ಲಿ ಒಂದನ್ನು ಇಳಿಸಲು ಮರೆತಿದ್ದ. ಮೇಲಿಂದ ಬಂದ ನೀರೆಲ್ಲ ಹಿಂದಿನಿಂದ ಓಡಿಹೋಗುತ್ತಿತ್ತು. ಅವನೇ ಕಂಡುಕೊಳ್ಳಲಿ ಎಂದುಕೊಂಡೆ.

"ಏ ಅಣ್ಣ," ಎಂದು ಕೂಗಿದ ಬಿಯರ್ ಕುಡಿಯುತ್ತಿದ್ದ ಒಬ್ಬ ಗಡ್ಡದವನು, "ಪೂರ್ತಿ ಕಾಲುವೇನ ಕೆಳಗಿನೂರಿಗೆ ಕಳಿಸ್ತಿದೀಯಾ?"

"ಮೊದಲನೇ ಸಲ ಅಂತ ಕಾಣುತ್ತೆ, ಪಾಪ," ಎಂದಳು ಪಕ್ಕದವಳು.

ಕ್ಲಿಫರ್ಡ್ ಹಿಂದಕ್ಕೆ ನೋಡಿದ. ತೂಬು ಕಂಡಿತು. ಮುಖ ಟೊಮೆಟೊ ಆಯಿತು. ಓಡಿ ಬಂದು ಅದನ್ನು ಇಳಿಸಿ, ಬಾಗಿಲು ತಳ್ಳುವ ಮರದ ತೊಲೆಯ ಮೇಲೆ ಧೊಪ್ಪನೆ ಕುಸಿದು ಕೂತ. ಬೆವರು ಮೂಗಿನ ತುದಿಯಿಂದ ತೊಟ್ಟಿಕ್ಕುತ್ತಿತ್ತು. ಆಮೇಲೆ ಅವನೇ ಮೊದಲು ನಕ್ಕ. ದಂಡೆಯೆಲ್ಲ ನಕ್ಕಿತು. ನನಗಂತೂ ನಕ್ಕು ನಕ್ಕು ಪಕ್ಕೆ ಹಿಡಿಯಿತು.

ಈಗ ನೀರು ಏರತೊಡಗಿತು. ಒದ್ದೆ ಗೋಡೆ ನಿಧಾನವಾಗಿ ಕೆಳಗೆ ಹೋಯಿತು, ಬಿಸಿಲು ನನ್ನ ಮೇಲೆ ಬಿತ್ತು. ಕ್ಲಿಫರ್ಡ್ ನನ್ನನ್ನೇ ನೋಡುತ್ತಿದ್ದ.

"ಏನು ಹಾಗೆ ನೋಡ್ತೀಯ?"

"ನಿನ್ನ ಮುಖ ಕಣೆ," ಎಂದ. "ಇಷ್ಟು ವರ್ಷ ಲಾಕಿನ ಹತ್ತಿರ ಬಂದಾಗೆಲ್ಲ ನಂಗೆ ಕಂಡಿದ್ದು ಮುಂದೆ ಓಡೋ ನಿನ್ನ ಬೆನ್ನು. ದೋಣೀಲಿ ನೀನು ಇಷ್ಟು ಖುಷಿಯಾಗಿದ್ದದ್ದು ನಾನು ನೋಡೇ ಇರ್ಲಿಲ್ಲ."

ಈ ಮನುಷ್ಯನ ಮೇಲೆ ನನಗೆ ಎಷ್ಟು ಪ್ರೀತಿಯಿದೆ ಎಂಬುದನ್ನು ಮರೆತಿದ್ದೆನೋ ಏನೋ, ಆಗ ಒಮ್ಮೆಗೇ ನೆನಪಾಯಿತು.

ದೋಣಿಯ ನಡುವೆ ಕೂತಿದ್ದ ಹ್ಯೂಗೋ ಎದ್ದು ನಿಂತ. "ಕ್ಲಿಫರ್ಡ್, ನಮಗೆ ದೋಣಿ ತುಂಬ ಹಿಡಿಸ್ತು. ಮೇಲಿನ ಲಾಕಿಗೆ ಹೋದ ಮೇಲೆ..."

ಪಕ್ಕದಲ್ಲಿ ಕೂತಿದ್ದ ಟ್ಯಾಮ್ಸಿನ್ ಅವನ ಅಂಗಿ ಹಿಡಿದೆಳೆದು ಕೂರಿಸಿದಳು. "ಸುಮ್ನಿರೋ. ನಮಗೆ ಬೇರೆ ದೋಣಿ ಸಿಗುತ್ತೆ."

ಕ್ಲಿಫರ್ಡ್ ನನ್ನ ಕಡೆ ನೋಡಿದ. ಮನೆಯ ಯಾವ ವಿಷಯಕ್ಕೂ ಅವನು ನನ್ನ ಮಾತಿಗೆ ಹೀಗೆ ಕಾದದ್ದಿಲ್ಲ.

"ಮಾರಲ್ಲ," ಅಂದೆ.

"ಸರಿ," ಎಂದ. ಎದ್ದು ಮುಂದಕ್ಕೆ ಹೋಗಿ, ಅಲ್ಲಿನ ತೊಲೆಗೆ ಬೆನ್ನು ಕೊಟ್ಟು ಮೇಲಿನ ಬಾಗಿಲು ತೆರೆದ. ಅದು ನರಳುತ್ತಾ ಸರಿಯಿತು. ಟೀಸೆಲ್ ಹೊರಗೆ ಹೊರಟಿತು.

ಮುಂದೆ ಇನ್ನೂ ಸಾಲುಸಾಲು ಲಾಕು ಬಾಕಿ ಇದ್ದವು. ಕ್ಲಿಫರ್ಡ್ ದಂಡೆಯ ಮೇಲೆ, ನಾನು ನೀರಿನ ಮೇಲೆ, ಸಮಸಮವಾಗಿ ಸಾಗುತ್ತಿದ್ದೆವು. ಸ್ವಲ್ಪ ದೂರ ಹೋಗಿ ಅವನು ಸೊಂಟ ಹಿಡಿದುಕೊಂಡು ನಿಂತ.

"ಗ್ಲೆನಿಸ್, ಒಂದು ಲಾಕಿನ ಮಟ್ಟಿಗೆ ಚುಕ್ಕಾಣಿ ನಂಗೆ ಕೊಡ್ತೀಯಾ?"

"ನಾಳೆ ನೋಡೋಣ," ಅಂದೆ.