ಬೇರುಮೇಷ್ಟ್ರೂ ಒಂದು ಕ್ರಿಯಾಪದವೂ

ಯಾರಾದರೂ ಒಂದು ಪದವನ್ನು ಅಡ್ಡಾದಿಡ್ಡಿ ಬಳಸಿದರೆ, ಅನ್ನದಲ್ಲಿ ಕಲ್ಲು ಕಡಿದವರಂತೆ ಬೇರುಮೇಷ್ಟ್ರ ಮುಖ ಕಿವುಚಿಕೊಳ್ಳುತ್ತಿತ್ತು. ನಿಘಂಟು ಕಚೇರಿಯಲ್ಲಿ ಇಂಗ್ಲಿಷ್ ಪದಗಳ ವ್ಯುತ್ಪತ್ತಿ ಬರೆಯುವುದು ಅವರ ಕೆಲಸ. ಮೊಣಕೈ ಸವೆದ ಬೂದು ಕೋಟಿನಲ್ಲಿ, ನೆಲದಡಿಯ ಏನನ್ನೋ ಆಲಿಸುವವರಂತೆ ತಲೆ ತಗ್ಗಿಸಿ ನಡೆಯುತ್ತಿದ್ದ ಅವರಿಗೆ ಆ ಅಡ್ಡಹೆಸರು ತಾನಾಗಿ ಅಂಟಿಕೊಂಡಿತ್ತು.

ಅವರ ಅತಿಪ್ರೀತಿಯ ಕ್ರಿಯಾಪದ ‘ಡೆಸಿಮೇಟ್’. ಸರ್ವನಾಶ ಮಾಡು ಎಂಬರ್ಥದಲ್ಲಿ ಯಾರಾದರೂ ಅದನ್ನಾಡಿದರೆ ಸಾಕು, ಶುರುವಾಗುತ್ತಿತ್ತು: “ಅಲ್ಲಪ್ಪಾ, ಅದರ ಹೊಟ್ಟೇಲಿ ಲ್ಯಾಟಿನ್ನಿನ ಹತ್ತು ಕೂತಿದೆ. ತಪ್ಪು ಮಾಡಿದ ದಳದಲ್ಲಿ ರೋಮಿನವರು ಚೀಟಿ ಎತ್ತಿಸಿ ಹತ್ತಕ್ಕೊಬ್ಬನನ್ನ ಆರಿಸ್ತಿದ್ರು. ಬಡಿದು ಕೊಲ್ಲೋರು ಯಾರು? ಉಳಿದ ಒಂಬತ್ತು ಜನ, ಅವನ ಜೊತೆ ಉಂಡು ಮಲಗಿದೋರು! ಪದದ ಅರ್ಥ ಇರೋದು ಆ ಒಂಬತ್ತು ಜನರಲ್ಲಿ.” ಕೇಳಿ ಕೇಳಿ ಕಚೇರಿಯ ಗೋಡೆಗಳಿಗೂ ಇದು ಬಾಯಿಪಾಠವಾಗಿತ್ತು, ಅಲ್ಲೇ ಕರಡು ತಿದ್ದುತ್ತಿದ್ದ, ಅವರೇ ಕರೆತಂದು ಸೇರಿಸಿದ್ದ ಹೆಂಡತಿಯ ತಮ್ಮನಂತೂ ಕಡೆಯ ವಾಕ್ಯವನ್ನು ಅವರಿಗಿಂತ ಮುಂಚೆ ಹೇಳಿ ಎಲ್ಲರನ್ನೂ ನಗಿಸುತ್ತಿದ್ದ.

ಒಂದು ಬೇಸಗೆಯಲ್ಲಿ ಖರ್ಚು ತಗ್ಗಿಸಬೇಕೆಂದು ಮೇಲಿನಿಂದ ಅಪ್ಪಣೆಯಾಯಿತು. ಪ್ರತಿ ಕೋಣೆಯಿಂದ ಒಬ್ಬರು ಹೋಗಬೇಕು. ಯಾರೆಂಬುದನ್ನು ಕೋಣೆಯವರೇ ತೀರ್ಮಾನಿಸಬೇಕು. ಮೇಲ್ವಿಚಾರಕನನ್ನೂ ಸೇರಿಸಿ ಮೇಷ್ಟ್ರ ಕೋಣೆಯಲ್ಲಿದ್ದವರು ಹತ್ತೇ ಮಂದಿ. ಮೇಲ್ವಿಚಾರಕ ಮೆಲ್ಲನೆ ಮೇಷ್ಟ್ರ ಮೈದುನನ ಹೆಸರೆತ್ತಿದ: ಕಣ್ಣು ಮಂಜಾಗಿದೆ, ತಪ್ಪುಗಳು ಉಳಿಯುತ್ತಿವೆ. ಅದು ಹಸಿ ಸುಳ್ಳೆಂದು ಎಲ್ಲರಿಗಿಂತ ಚೆನ್ನಾಗಿ ಬಲ್ಲವರು ಮೇಷ್ಟ್ರು. ಒಂದೊಂದಾಗಿ ಕೈಗಳು ಮೇಲೆದ್ದವು. ಕೊನೆಗೆ ಎಲ್ಲರ ಕಣ್ಣುಗಳೂ ಅವರತ್ತ ತಿರುಗಿದವು. ಅವರ ಕೈಯೂ ಎದ್ದಿತು.

ಮೈದುನ ಕನ್ನಡಕ ತೆಗೆದು ಜೇಬಿಗಿಟ್ಟುಕೊಂಡ. “ಬರ್ತೀನಿ ಭಾವ,” ಎಂದು, ಊಟಕ್ಕೆ ಹೊರಟವನಂತೆ ಎದ್ದುಹೋದ.

ಮನೆಗೆ ಸುದ್ದಿ ಆಗಲೇ ಮುಟ್ಟಿತ್ತು. ಹೆಂಡತಿ ತಟ್ಟೆ ಹಾಕಿ ಕೇಳಿದಳು: “ನೀವೂ ಕೈ ಎತ್ತಿದ್ರಂತೆ?”

“ಎತ್ತದಿದ್ರೆ ನನ್ನನ್ನೇ ಕಳಿಸೋರು ಕಣೇ.”

“ಮದುವೆಯಾದಾಗಿಂದ ಆ ಪದದ ಅರ್ಥ ಹೇಳ್ತಾನೇ ಇದ್ರಿ. ಇವತ್ತು ತಿಳೀತು ಬಿಡಿ.”

ಮೈದುನ ಆ ಮನೆಯ ಹೊಸಿಲನ್ನು ಮತ್ತೆ ತುಳಿಯಲಿಲ್ಲ. ಮೇಷ್ಟ್ರು ಕಚೇರಿಗೆ ಹೋಗುತ್ತಲೇ ಇದ್ದರು, ನಿಘಂಟು ಅಚ್ಚಾಯಿತು, ಬಲ್ಲವರು ಅವರ ವ್ಯುತ್ಪತ್ತಿಗಳನ್ನು ಬಾಯ್ತುಂಬ ಹೊಗಳಿದರು. ಹೊಗಳಿಕೆ ಕೇಳುವಾಗ ಅವರು ನೆಲ ನೋಡುತ್ತಿದ್ದರು. ಜನ ಅದನ್ನು ವಿನಯವೆಂದುಕೊಂಡರು.

ಕ್ರೌರ್ಯದ ಸರಿಯಾದ ಹೆಸರು ಬಲ್ಲವರು, ತಾವು ಅದರಿಂದ ಪಾರಾದೆವೆಂದೇ ಬಗೆಯುತ್ತಾರೆ. ಬೇರಿನ ತನಕ ಅಗೆಯಬಲ್ಲ ಇಂಥ ವಿದ್ವಾಂಸರು ಲೋಕದಲ್ಲಿ ಬಹಳ. ಕೈಯನ್ನು ತೊಡೆಯ ಮೇಲೆಯೇ ಇಟ್ಟುಕೊಳ್ಳಬೇಕಾದ ಆ ಒಂದು ಗಳಿಗೆಯಲ್ಲಿ ಮಾತ್ರ ಅವರ ಪಾಂಡಿತ್ಯ ತಲೆಯಿಂದ ತೋಳಿನವರೆಗೆ ಇಳಿದು ಬರುವುದಿಲ್ಲ.